ಕೋಚ್ ಬರುವ ದಿನವೇ ಹೋಗುವ ದಿನದ ಲೆಕ್ಕ

ನಾನು ನೆಲೆಸಿರುವ, ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಊರಿನಲ್ಲಿ 2024ರ ಏಪ್ರಿಲ್ ಎರಡನೇ ವಾರ ಬೇರೆ ಮಾತೇ ಇರಲಿಲ್ಲ. ಕೆಂಟಕಿ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ಕೋಚ್ ಜಾನ್ ಕ್ಯಾಲಿಪಾರಿ ಹದಿನೈದು ವರ್ಷಗಳ ನಂತರ ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಹೊರಟು ನಿಂತಿದ್ದರು. ವೃತ್ತಿಪರ ಬ್ಯಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಬೇಸ್‌ಬಾಲ್‌ನ ಅತ್ಯುನ್ನತ ಲೀಗುಗಳಲ್ಲಿ ಒಂದು ತಂಡವೂ ಇಲ್ಲದ ಈ ರಾಜ್ಯಕ್ಕೆ ವಿಶ್ವವಿದ್ಯಾಲಯದ ತಂಡವೇ ನಾಡಿನ ತಂಡ. 1948ರಿಂದ 2012ರವರೆಗೆ ಎಂಟು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಅದು. ಆದ್ದರಿಂದ ಮುಂದಿನ ಕೋಚ್ ಯಾರು ಎಂಬ ಪ್ರಶ್ನೆ ಕಚೇರಿ, ಕ್ಷೌರದಂಗಡಿ, ದೇವಸ್ಥಾನದ ಪ್ರಸಾದದ ಸಾಲು ಎಲ್ಲವನ್ನೂ ಹೊಕ್ಕಿತ್ತು. ಕರ್ನಾಟಕದ ಯಾವ ಕಾಲೇಜಿನ ಯಾವ ಆಟದ ಕೋಚ್ ಬದಲಾದರೂ ಅದೇ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಸುದ್ದಿ ತಿಳಿಯುವುದು ಅನುಮಾನ. ಎರಡೂ ಕಡೆಯ ರೀತಿಯನ್ನು ಹತ್ತಿರದಿಂದ ಕಂಡಿರುವ ನನಗೆ, ಹೋಲಿಕೆ ನಿಲ್ಲಬೇಕಾದ ಜಾಗ ಹಣವಲ್ಲ, ಅಬ್ಬರವೂ ಅಲ್ಲ ಎಂದು ತೋರುತ್ತದೆ. ಕೋಚ್‌ನನ್ನು ಆರಿಸುವವರು ಆ ಆಯ್ಕೆಗೆ ತಮ್ಮ ಹೆಸರನ್ನು ಒತ್ತೆ ಇಡುತ್ತಾರೆಯೇ, ಅವನು ಬರುವ ದಿನವೇ ಹೋಗುವ ದಿನದ ಷರತ್ತುಗಳನ್ನು ಬರೆದಿಡುತ್ತಾರೆಯೇ ಎಂಬುದನ್ನು ನೋಡಬೇಕು.

ಇಲ್ಲಿ ಕೋಚ್‌ನನ್ನು ಆರಿಸುವ ಕೆಲಸ ಕ್ರೀಡಾ ವಿಭಾಗದ ನಿರ್ದೇಶಕರದ್ದು. ಕೆಂಟಕಿಯಲ್ಲಿ ಆ ಹುದ್ದೆಗೆ 2002ರಲ್ಲಿ ಬಂದವರು ಮಿಚ್ ಬಾರ್ನ್‌ಹಾರ್ಟ್. ಇದು ಅರ್ಜಿದಾರರನ್ನು ಸಾಲಾಗಿ ಕೂರಿಸಿ ಪ್ರಶ್ನೆ ಕೇಳುವ ವ್ಯವಹಾರವಲ್ಲ. ಬೇಕಾದವರನ್ನು ತಾವೇ ಗುಟ್ಟಾಗಿ ಸಂಪರ್ಕಿಸಿ ಒಲಿಸಿಕೊಳ್ಳುವ, ಹೆಚ್ಚುಕಡಿಮೆ ಹೆಣ್ಣು ಕೇಳುವಂತಹ ವ್ಯವಹಾರ. ಅವರು ಕೇಳಿದ ಮನೆಗಳಿಂದ ಮೊದಲು ಬಂದದ್ದು ನಿರಾಕರಣೆಯೇ. 2021ರಲ್ಲಿ ಬೇಲರ್ ವಿಶ್ವವಿದ್ಯಾಲಯವನ್ನು ಚಾಂಪಿಯನ್ ಮಾಡಿದ್ದ ಸ್ಕಾಟ್ ಡ್ರೂ ತಾವು ಇದ್ದಲ್ಲಿಯೇ ಇರುವುದಾಗಿ ಹೇಳಿದರು. ಕನೆಕ್ಟಿಕಟ್‌ಗೆ ಬೆನ್ನುಬೆನ್ನಿಗೆ ಎರಡು ಪ್ರಶಸ್ತಿ ತಂದುಕೊಟ್ಟಿದ್ದ ಡ್ಯಾನ್ ಹರ್ಲಿ ಕೂಡ ಬರುವವರಾಗಿರಲಿಲ್ಲ. ಏಪ್ರಿಲ್ 12ರಂದು ಹೊರಬಿದ್ದ ಹೆಸರು ಮಾರ್ಕ್ ಪೋಪ್ ಅವರದು. ಆಗ ಅವರು ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಕೋಚ್. ಮುಖ್ಯ ಕೋಚ್ ಆಗಿ, ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಎನ್‌ಸಿಎಎ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಅಭಿಮಾನಿಗಳು ಮೊದಲಿಗೆ ಸಿಡಿದೆದ್ದರು. ಎಂಟು ಪ್ರಶಸ್ತಿಗಳ ತಂಡಕ್ಕೆ ಟೂರ್ನಿಯಲ್ಲಿ ಒಂದು ಗೆಲುವೂ ಕಾಣದ ಕೋಚೇ ಎಂಬ ಅವರ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಆದರೆ ಪೋಪ್ 1996ರಲ್ಲಿ ಚಾಂಪಿಯನ್ ಆದ ಕೆಂಟಕಿ ತಂಡದ ನಾಯಕರಲ್ಲಿ ಒಬ್ಬರು. ಹೆಸರು ಹೊರಬಿದ್ದ ಎರಡು ದಿನಗಳ ನಂತರ ರಪ್ ಅರೇನಾದಲ್ಲಿ ನಡೆದ ಪರಿಚಯ ಕಾರ್ಯಕ್ರಮಕ್ಕೆ ಸುಮಾರು ಇಪ್ಪತ್ತು ಸಾವಿರ ಆಸನಗಳ ಆ ಕ್ರೀಡಾಂಗಣವೇ ತುಂಬಿತು. ಅವರು ಮಾತು ಮುಗಿಸುವಷ್ಟರಲ್ಲಿ ಸಿಟ್ಟು ಇಳಿದಿತ್ತು. ‘ನಮ್ಮವನು’ ಎಂಬುದಕ್ಕೆ ಇಷ್ಟು ಶಕ್ತಿ ಕನ್ನಡನಾಡಿನಲ್ಲಿ ಮಾತ್ರ ಇದೆ ಎಂದುಕೊಂಡಿದ್ದವರು ಆ ಸಂಜೆಯನ್ನು ನೋಡಬೇಕಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮವನೆಂಬುದು ಕೋಚ್‌ಗೆ ಮೊದಲ ಆರು ತಿಂಗಳ ತಾಳ್ಮೆಯನ್ನು ದೊರಕಿಸಿಕೊಡುತ್ತದೆಯೇ ಹೊರತು ಒಂದು ಪಂದ್ಯವನ್ನೂ ಗೆಲ್ಲಿಸಿಕೊಡುವುದಿಲ್ಲ. ಪೋಪ್ ಆ ತಾಳ್ಮೆಯನ್ನು ಚೆನ್ನಾಗಿ ಬಳಸಿಕೊಂಡರು. ಮೊದಲ ವರ್ಷವೇ 24 ಪಂದ್ಯ ಗೆದ್ದು ತಂಡವನ್ನು ಟೂರ್ನಿಯ ಕೊನೆಯ ಹದಿನಾರರ ಸುತ್ತಿಗೆ ಒಯ್ದರು.

ಈ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯಾಗುವ ಅಂಶ ಒಂದಿದೆ. 2007ರಲ್ಲಿ ಬಿಲ್ಲಿ ಗಿಲಿಸ್ಪಿ, 2009ರಲ್ಲಿ ಕ್ಯಾಲಿಪಾರಿ, 2024ರಲ್ಲಿ ಪೋಪ್, ಹೀಗೆ ಮೂವರನ್ನೂ ಆರಿಸಿದ್ದು ಬಾರ್ನ್‌ಹಾರ್ಟ್ ಎಂಬುದು ಊರಿಗೆಲ್ಲ ಗೊತ್ತು. ಮೊದಲನೆಯದು ಎಡವಟ್ಟು, ಎರಡನೆಯದು 2012ರ ಪ್ರಶಸ್ತಿ ತಂದ ಆಯ್ಕೆ, ಮೂರನೆಯದನ್ನು ಇನ್ನೂ ತೂಗಿನೋಡಬೇಕಿದೆ ಎಂದು ಯಾರು ಬೇಕಾದರೂ ಹೇಳಬಹುದು. ಕೋಚ್‌ನ ಅಂಕಪಟ್ಟಿಯ ಪಕ್ಕದಲ್ಲಿಯೇ ಅವನನ್ನು ಆರಿಸಿದವರ ಅಂಕಪಟ್ಟಿಯೂ ತೂಗುಬಿದ್ದಿರುತ್ತದೆ.

ಗಿಲಿಸ್ಪಿಯವರ ಪ್ರಕರಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಮ್ಮ ಊರುಗಳಲ್ಲಿ ನಡೆಯಬಹುದಾದ ಕಥೆಯಂತೆಯೇ ಇದೆ. ಟೆಕ್ಸಾಸ್‌ನಿಂದ ಬಂದ ಅವರು ಎರಡು ವರ್ಷ ಕೋಚ್ ಆಗಿದ್ದರೂ ಪೂರ್ಣ ಪ್ರಮಾಣದ ಒಪ್ಪಂದಕ್ಕೆ ಸಹಿಯೇ ಹಾಕಿರಲಿಲ್ಲ. ಎರಡೂ ಕಡೆಯವರು ಆರಂಭದ ತಿಳಿವಳಿಕೆ ಪತ್ರವೊಂದರ ಆಧಾರದ ಮೇಲೆಯೇ ದಿನ ದೂಡಿದ್ದರು. 2009ರಲ್ಲಿ ತಂಡ ಎನ್‌ಸಿಎಎ ಟೂರ್ನಿಗೆ ಅರ್ಹತೆ ಪಡೆಯದೆ ಹೋದಾಗ ಅವರನ್ನು ತೆಗೆದುಹಾಕಲಾಯಿತು. ಆ ಪತ್ರಕ್ಕೆ ಒಪ್ಪಂದದ ಬೆಲೆ ಇದೆಯೇ ಇಲ್ಲವೇ ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ಸುಮಾರು 30 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಬರವಣಿಗೆ ಇಲ್ಲದ ಕಡೆ ವಿಶ್ವಾಸವೂ ಉಳಿಯಲಿಲ್ಲ, ಹಣವೂ ಉಳಿಯಲಿಲ್ಲ.

ಕ್ಯಾಲಿಪಾರಿಯವರ ವಿಷಯದಲ್ಲಿ ಅದೇ ವಿಶ್ವವಿದ್ಯಾಲಯ ಮತ್ತೊಂದು ತುದಿಗೆ ಹೋಯಿತು. 2019ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ತನ್ನ ಹೊಸ ಕೋಚ್‌ಗಾಗಿ ಅವರತ್ತ ಕಣ್ಣು ಹಾಯಿಸಿದಾಗ, ಅವರನ್ನು ಬಿಡಬಾರದೆಂಬ ಆತುರದಲ್ಲಿ ಕೆಂಟಕಿ ಹತ್ತು ವರ್ಷಗಳಿಗೆ ಎಂಟು ಕೋಟಿ 60 ಲಕ್ಷ ಡಾಲರ್‌ಗಳ, ‘ಜೀವಮಾನದ ಒಪ್ಪಂದ’ವೆಂದೇ ಹೆಸರಾದ ಕರಾರನ್ನು ಬರೆದುಕೊಟ್ಟಿತು. ಆನಂತರ ಫಲಿತಾಂಶಗಳು ಇಳಿಮುಖವಾದವು. 2020–21ರ ಸಾಲಿನಲ್ಲಿ ಬರೀ ಒಂಬತ್ತು ಗೆಲುವು, 2022ರಲ್ಲಿ ಸೇಂಟ್ ಪೀಟರ್ಸ್ ಎಂಬ ಹದಿನೈದನೇ ಶ್ರೇಯಾಂಕದ ಸಣ್ಣ ಕಾಲೇಜಿನ ಎದುರು ಸೋಲು, 2024ರ ಮಾರ್ಚ್‌ನಲ್ಲಿ ಹದಿನಾಲ್ಕನೇ ಶ್ರೇಯಾಂಕದ ಓಕ್ಲೆಂಡ್ ಎದುರು 80–76ರ ಸೋಲು. ಆಗಲೂ ಅವರನ್ನು ತೆಗೆಯಬೇಕೆಂದರೆ ವಿಶ್ವವಿದ್ಯಾಲಯ ಮೂರು ಕೋಟಿ 30 ಲಕ್ಷ ಡಾಲರ್‌ಗೂ ಮಿಗಿಲಾದ ಹಣವನ್ನು ತೆರಬೇಕಿತ್ತು. ಅವರೇ ಮುಂದುವರಿಯುತ್ತಾರೆ ಎಂಬ ಪ್ರಕಟಣೆ ಹೊರಬಿತ್ತು. ಎರಡೇ ವಾರಗಳಲ್ಲಿ ಅವರು ತಾವಾಗಿಯೇ ಅರ್ಕನ್ಸಾಗೆ ನಡೆದರು, ಆ ಭಾರ ತಾನಾಗಿಯೇ ಇಳಿಯಿತು. ವಿಶ್ವವಿದ್ಯಾಲಯದ ಖಜಾನೆ ಉಳಿದದ್ದು ಜಾಣತನದಿಂದಲ್ಲ, ಅದೃಷ್ಟದಿಂದ. ಅತ್ತ 2019ರಲ್ಲಿ ಯುಸಿಎಲ್‌ಎ ಟೆಕ್ಸಾಸ್‌ನ ಜೇಮಿ ಡಿಕ್ಸನ್ ಅವರನ್ನು ಕರೆತರಲು ಹೊರಟು, ಅವರನ್ನು ಬಿಡಿಸಿಕೊಳ್ಳಲು ತೆರಬೇಕಿದ್ದ ಸುಮಾರು 80 ಲಕ್ಷ ಡಾಲರ್‌ಗಳ ಷರತ್ತಿಗೆ ಸಿಕ್ಕಿಬಿದ್ದು, ಕೊನೆಗೆ ಸಿನ್ಸಿನಾಟಿಯ ಮಿಕ್ ಕ್ರೋನಿನ್ ಅವರನ್ನು ನೇಮಿಸಿಕೊಂಡಿತ್ತು. ಬಿಡುಗಡೆಯ ಷರತ್ತು ಯಾರನ್ನು ಕಟ್ಟಿಹಾಕುತ್ತದೆ ಎಂಬುದನ್ನು ಸಹಿ ಹಾಕುವ ದಿನ ಊಹಿಸುವುದು ಕಷ್ಟ.

ಇಷ್ಟಾದರೂ ಈ ಅಂಕಿಗಳೆಲ್ಲ ನನ್ನಂತಹ ಸಾಮಾನ್ಯ ನಿವಾಸಿಗೂ ಗೊತ್ತಿವೆ ಎಂಬುದನ್ನು ಗಮನಿಸಬೇಕು. ಕೆಂಟಕಿ ಸಾರ್ವಜನಿಕ ವಿಶ್ವವಿದ್ಯಾಲಯವಾದ್ದರಿಂದ ಕೋಚ್‌ನ ಒಪ್ಪಂದ ಸಾರ್ವಜನಿಕ ದಾಖಲೆ. ಆಯ್ಕೆ ಎಷ್ಟು ಗುಟ್ಟಿನಲ್ಲಿ ನಡೆದರೂ ಅದರ ಫಲ ಬಯಲಿಗೆ ಬರಲೇಬೇಕು. 2024ರಲ್ಲಿ ಪೋಪ್ ಅವರೊಡನೆ ಆದದ್ದು ಐದು ವರ್ಷಗಳಿಗೆ ಎರಡು ಕೋಟಿ 75 ಲಕ್ಷ ಡಾಲರ್‌ಗಳ ಒಪ್ಪಂದ ಎಂಬುದನ್ನು ಯಾರೂ ಪಿಸುಮಾತಿನಲ್ಲಿ ಹೇಳಬೇಕಾಗಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದ ಸಾಮಾನ್ಯ ಪದವಿ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್‌ಗೆಂದೇ ಕೋಚ್ ಇರುವುದಿಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರು, ವಿದ್ಯಾರ್ಥಿಗಳ ಬಾಯಲ್ಲಿ ಪಿ.ಡಿ. ಸರ್. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ವಾರ್ಷಿಕ ಕ್ರೀಡಾಕೂಟ, ಸ್ವಾತಂತ್ರ್ಯೋತ್ಸವದ ಪಥಸಂಚಲನ ಎಲ್ಲವೂ ಒಬ್ಬರದೇ ಹೊಣೆ. ಅವರ ನೇಮಕಾತಿಯ ನಿಯಮಗಳು ಮಾತ್ರ ಬಹಳ ನಿಖರ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ ಬೇಕು. ಮೂವತ್ತರೊಳಗಿನ ಪುರುಷ ಅಭ್ಯರ್ಥಿ ಹನ್ನೆರಡು ನಿಮಿಷದಲ್ಲಿ 1800 ಮೀಟರ್ ಓಡಿ ಅಥವಾ ನಡೆದು ಕ್ರಮಿಸಬೇಕು. ಅಭ್ಯರ್ಥಿಯ ಕಾಲುಗಳ ಬಗ್ಗೆ ಇಷ್ಟೊಂದು ಆಸಕ್ತಿ ಇರುವ ವ್ಯವಸ್ಥೆಗೆ, ಅವನ ಕೈಯಲ್ಲಿ ಪಳಗಿದ ತಂಡ ಹತ್ತು ವರ್ಷಗಳಲ್ಲಿ ಏನಾಯಿತು ಎಂದು ಕೇಳುವ ಆಸಕ್ತಿ ಕಾಣುವುದಿಲ್ಲ. ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ತಂಡ ಹೊರಡುವಾಗ ಕೋಚ್ ಮತ್ತು ಮ್ಯಾನೇಜರ್ ಎಂದು ಇಬ್ಬರನ್ನು ಹೆಸರಿಸುತ್ತಾರೆ. ತರಬೇತಿ ಶಿಬಿರ, ರೈಲು ಪ್ರಯಾಣ, ಪಂದ್ಯಗಳು ಮುಗಿದರೆ ಅವರ ಹೊಣೆಯೂ ಮುಗಿಯಿತು. ಅವರನ್ನೇ ಏಕೆ ಹೆಸರಿಸಿದಿರಿ ಎಂದು ಕೇಳಿದರೆ ಉತ್ತರಿಸಬೇಕಾದವರು ಯಾರೆಂಬುದೇ ತಿಳಿಯುವುದಿಲ್ಲ.

ನಮ್ಮಲ್ಲಿ ಪ್ರತಿಭೆಗೇನೂ ಕೊರತೆ ಇಲ್ಲ. 2017 ಮತ್ತು 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆದದ್ದು ಬೆಂಗಳೂರಿನಲ್ಲಿ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಅಲ್ಲಿಯೇ ನಡೆದು, ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ ಪದಕ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಆಟಗಾರರು ಇದ್ದಾರೆ, ಅಂಗಳವೂ ಇದೆ. ಕೋಚ್ ಎಂಬ ಹುದ್ದೆಗೆ ಮಾತ್ರ ಆರಂಭವೂ ಅಂತ್ಯವೂ ಇಲ್ಲ.

ನಮ್ಮ ದೇಶದಲ್ಲಿ ಕೋಚ್ ಆಯ್ಕೆಯೊಂದನ್ನು ಜನ ಕಣ್ಣಿಟ್ಟು ನೋಡುವುದು ಕ್ರಿಕೆಟ್‌ನಲ್ಲಿ ಮಾತ್ರ, ಮತ್ತು ಅಲ್ಲಿನ ಅತ್ಯಂತ ಪಾಠಯೋಗ್ಯ ಪ್ರಸಂಗ ನಮ್ಮ ಅನಿಲ್ ಕುಂಬ್ಳೆಯವರದು. 2016ರಲ್ಲಿ ಮಂಡಳಿ ಜಾಹೀರಾತು ಕೊಟ್ಟಿತು, 57 ಅರ್ಜಿಗಳು ಬಂದವು, ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್ ಅವರ ಸಲಹಾ ಸಮಿತಿ ಸಂದರ್ಶನ ನಡೆಸಿ ಕುಂಬ್ಳೆಯವರನ್ನು ಆರಿಸಿತು. ಕ್ರಮವನ್ನಷ್ಟೇ ನೋಡಿದರೆ ಕೆಂಟಕಿಯ ಗುಟ್ಟಿನ ಆಯ್ಕೆಗಿಂತ ಇದು ಎಷ್ಟೋ ಮೇಲು. ಆದರೆ ಕೊಟ್ಟದ್ದು ಒಂದೇ ವರ್ಷದ ಅವಧಿ. 2017ರ ಚಾಂಪಿಯನ್ಸ್ ಟ್ರೋಫಿಗೆ ತಂಡ ಸಜ್ಜಾಗಿದ್ದ ಹೊತ್ತಿನಲ್ಲಿಯೇ ಅದೇ ಹುದ್ದೆಗೆ ಮತ್ತೆ ಅರ್ಜಿ ಕರೆಯಲಾಯಿತು. ಮುಂದುವರಿಯುವಂತೆ ಸಲಹಾ ಸಮಿತಿ ಕೇಳಿಕೊಂಡಿದ್ದರೂ, ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆ ಎಂದು ತಿಳಿದ ಕುಂಬ್ಳೆ ಫೈನಲ್ ಮುಗಿದ ಎರಡು ದಿನಗಳಲ್ಲಿ ಹಿಂದೆ ಸರಿದರು. ಆರಿಸಿದ ಸಮಿತಿಗೆ ಉಳಿಸಿಕೊಳ್ಳುವ ಅಧಿಕಾರ ಇರಲಿಲ್ಲ. ಕೋಚ್ ಮತ್ತು ನಾಯಕನ ನಡುವೆ ಬಿರುಕು ಬಿಟ್ಟರೆ ತೀರ್ಮಾನ ಯಾರದೆಂದು ಮೊದಲೇ ಹೇಳಿಟ್ಟಿದ್ದವರೂ ಕಾಣಲಿಲ್ಲ. ಬಾಗಿಲಿನವರೆಗೆ ಮಾತ್ರ ಅಚ್ಚುಕಟ್ಟಾಗಿದ್ದ ವ್ಯವಸ್ಥೆ ಅದು.

ಹಾಗೆಂದು ಅಮೆರಿಕದ ಪದ್ಧತಿಯನ್ನು ಎತ್ತಿ ಹಿಡಿಯಲು ನಾನು ಸಿದ್ಧನಿಲ್ಲ. ಇಲ್ಲಿ ಕೋಚ್‌ನ ಬರುವಿಕೆ ಹೋಗುವಿಕೆಗಳಿಗೆ ಪುಟಗಟ್ಟಲೆ ಷರತ್ತುಗಳಿವೆ, ಆದರೆ ಅವನನ್ನು ನಂಬಿ ಬಂದ ಹುಡುಗರು ಆ ಪುಟಗಳಲ್ಲಿ ಇಲ್ಲ. ಕ್ಯಾಲಿಪಾರಿ ಹೊರಟಾಗ ಕೆಂಟಕಿಯ ತಂಡವೇ ಚದುರಿಹೋಯಿತು. ಕೆಲವರು ಅವರ ಹಿಂದೆಯೇ ಅರ್ಕನ್ಸಾಗೆ ಹೋದರು, ಕೆಲವರು ವೃತ್ತಿಪರ ಆಟಕ್ಕೆ, ಉಳಿದವರು ಬೇರೆ ವಿಶ್ವವಿದ್ಯಾಲಯಗಳಿಗೆ ಹೋದರು. ವಿದ್ಯಾರ್ಥಿವೇತನದ ಮೇಲಿದ್ದ ಹಿಂದಿನ ವರ್ಷದ ಒಬ್ಬ ಆಟಗಾರನೂ ಪೋಪ್ ಅವರಿಗೆ ಉಳಿಯಲಿಲ್ಲ; ಇಡೀ ತಂಡವನ್ನು ಅವರು ಬೇರೆಡೆಗಳಿಂದ ಕೂಡಿಸಬೇಕಾಯಿತು. ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಲು 2021ರಲ್ಲಿ ಅವಕಾಶವಾಯಿತು, 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಆದಾಯ ಹಂಚುತ್ತಿವೆ. ಅದು ನ್ಯಾಯವೇ ಸರಿ, ಕೋಚ್ ಮಾತ್ರ ಕೋಟಿ ಎಣಿಸಿ ಆಡುವವನು ಬರಿಗೈಯಲ್ಲಿ ಇರುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಕೋಚ್ ಬದಲಾದಾಗಲೆಲ್ಲ ವಿದ್ಯಾರ್ಥಿಯು ಓದುತ್ತಿರುವ ಪದವಿಯನ್ನೂ ಊರನ್ನೂ ಬದಲಿಸುವುದು ರೂಢಿಯಾದರೆ, ಅದನ್ನು ಕಾಲೇಜು ತಂಡವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಪಿ.ಡಿ. ಸರ್ ಇದ್ದಲ್ಲಿಯೇ ಇಪ್ಪತ್ತು ವರ್ಷ ಇದ್ದು, ಹುಡುಗರ ಹಾಜರಾತಿ ಕೊರತೆಗೆ ಪ್ರಾಂಶುಪಾಲರ ಬಳಿ ಹೋಗಿ ಮಾತನಾಡಿ, ಅವರನ್ನು ಪರೀಕ್ಷೆಗೆ ಕೂರಿಸುವುದನ್ನು ಇಲ್ಲಿಯವರಿಗೆ ವಿವರಿಸಿದರೆ ಅವರು ಬೆರಗಾಗುತ್ತಾರೆ.

ಆದ್ದರಿಂದ ಕರ್ನಾಟಕದ ವಿಶ್ವವಿದ್ಯಾಲಯವೊಂದು ಬ್ಯಾಸ್ಕೆಟ್‌ಬಾಲ್‌ಗೆ ಪೂರ್ಣಾವಧಿ ಕೋಚ್‌ನನ್ನು ನೇಮಿಸಲು ಮನಸ್ಸು ಮಾಡಿದರೆ, ಅದು ಕೆಂಟಕಿಯಿಂದ ಕೇಳಿ ಪಡೆಯಬೇಕಾದದ್ದು ಒಪ್ಪಂದದ ನಕಲನ್ನು, ಸಂಬಳದ ಅಂಕಿಯನ್ನಲ್ಲ. ಅವಧಿಯನ್ನು ಪದವಿಯ ಅವಧಿಗೇ ಹೊಂದಿಸಿ ಮೂರು ವರ್ಷವೆಂದು ನಿಗದಿಪಡಿಸಬಹುದು; ಹಾಗಾದರೆ ಮೊದಲ ವರ್ಷ ಸೇರಿದ ಹುಡುಗಿ ಅಂತಿಮ ವರ್ಷದವರೆಗೂ ಅದೇ ಕೋಚ್‌ನ ಕೈಕೆಳಗೆ ಆಡುತ್ತಾಳೆ. ನಡುವೆ ತೆಗೆದರೆ ಎಷ್ಟು ತಿಂಗಳ ವೇತನ, ನಡುವೆ ಬಿಟ್ಟುಹೋದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು ಅದರಲ್ಲಿ ಇರಲಿ. ಇಲ್ಲಿನ ಒಪ್ಪಂದಗಳಲ್ಲಿ ಇಲ್ಲದ ಒಂದು ಸಾಲನ್ನೂ ಸೇರಿಸಲಿ: ಕೋಚ್ ಬದಲಾದರೂ ಆಟಗಾರರ ಶುಲ್ಕ ವಿನಾಯಿತಿ ಮತ್ತು ಹಾಸ್ಟೆಲ್ ಸೌಲಭ್ಯ ಪದವಿ ಮುಗಿಯುವವರೆಗೆ ಮುಂದುವರಿಯುತ್ತವೆ. ಆದೇಶದ ಕೊನೆಯಲ್ಲಿ ‘ಸಕ್ಷಮ ಪ್ರಾಧಿಕಾರದ ಅನುಮೋದನೆಯ ಮೇರೆಗೆ’ ಎಂಬ ಮಾತಿನ ಬದಲು, ಆರಿಸಿದ ಅಧಿಕಾರಿಯ ಹೆಸರು ಮತ್ತು ಸಹಿ ಇರಲಿ.