ವಿಶ್ವಕಪ್ಪಿಗೆ ಚಂದಾ ಕೊಡಿ ಸಾರ್

ಮೊನ್ನೆ ಮೊಬೈಲಿನಲ್ಲಿ ಆ ಹಳೇ ವಿಡಿಯೊ ಮತ್ತೆ ಬಂತು. 2023ರ ಆಗಸ್ಟ್, ಸಿಡ್ನಿ. ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್‌ಗೆ ಇನ್ನೆರಡು ದಿನ ಬಾಕಿ. ಫಿಫಾ ಅಧ್ಯಕ್ಷ ಜಿಯಾನಿ ಇನ್ಫಾಂಟಿನೊ ವೇದಿಕೆ ಮೇಲೆ ನಿಂತು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುತ್ತಿದ್ದಾರೆ. ಸರಿಯಾದ ಹೋರಾಟ ಆರಿಸಿಕೊಳ್ಳಬೇಕಂತೆ. ಗಂಡಸರು ಏನು ಮಾಡಬೇಕು, ಏನು ಮಾಡಬಾರದು ಅಂತ ಮನವರಿಕೆ ಮಾಡಿಸುವ ಶಕ್ತಿ ಹೆಂಗಸರಿಗೇ ಇದೆಯಂತೆ. ಫಿಫಾದ ಬಾಗಿಲು ತೆರೆದೇ ಇದೆಯಂತೆ, ಇವರು ತಳ್ಳಿದರೆ ಸಾಕಂತೆ.

ತೆರೆದೇ ಇರುವ ಬಾಗಿಲನ್ನು ಯಾಕೆ ತಳ್ಳಬೇಕು? ತಳ್ಳಿದವರು ಮುಗ್ಗರಿಸಿ ಒಳಗೆ ಬೀಳುತ್ತಾರೆ, ಅಷ್ಟೆ. ಆದರೆ ದೊಡ್ಡವರ ಮಾತು. 2022ರ ಗಂಡಸರ ವಿಶ್ವಕಪ್ಪಿಗೆ 44 ಕೋಟಿ ಡಾಲರ್ ಬಹುಮಾನ ಇಟ್ಟು, 2023ರ ಹೆಂಗಸರ ವಿಶ್ವಕಪ್ಪಿಗೆ 11 ಕೋಟಿ ಇಟ್ಟವರು ಹೇಳುತ್ತಿದ್ದಾರೆ ಅಂದಮೇಲೆ ಲೆಕ್ಕ ಹಾಕಿಯೇ ಹೇಳಿರುತ್ತಾರೆ.

ಈ ಉಪದೇಶಕ್ಕೆ ಹತ್ತು ದಿನ ಮುಂಚೆ ಜಮೈಕಾದ ಹುಡುಗಿಯರು ಅದೇ ಆಸ್ಟ್ರೇಲಿಯಾದಿಂದ ಊರಿಗೆ ಹೊರಟಿದ್ದರು. ರೆಗ್ಗೆ ಗರ್ಲ್ಸ್ ಅಂತ ಅವರನ್ನು ಕರೆಯುತ್ತಾರೆ. ಬಾಗಿಲು ತಳ್ಳುವ ವಿಷಯದಲ್ಲಿ ಅವರಿಗಿಂತ ಅನುಭವಸ್ಥರು ಸಿಗುವುದು ಕಷ್ಟ.

ವಿಶ್ವಕಪ್ ಶುರುವಾಗೋಕೆ ಸುಮಾರು ಒಂದು ತಿಂಗಳಿದ್ದಾಗ, ಜೂನ್‌ನಲ್ಲಿ, ಅವರೆಲ್ಲ ಸೇರಿ ಒಂದು ಬಹಿರಂಗ ಪತ್ರ ಹಾಕಿದರು. ತಮ್ಮ ಫುಟ್‌ಬಾಲ್ ಫೆಡರೇಶನ್ ಬಗ್ಗೆ. ಯೋಜನೆ ಸರಿ ಇಲ್ಲ, ಪ್ರಯಾಣ ಸರಿ ಇಲ್ಲ, ಉಳಿಯೋ ಜಾಗ ಸರಿ ಇಲ್ಲ, ತರಬೇತಿ ಸರಿ ಇಲ್ಲ, ಊಟ ಸರಿ ಇಲ್ಲ. ಒಪ್ಪಂದದಲ್ಲಿ ಬರೆದ ದುಡ್ಡು ಬಂದಿಲ್ಲ. ಶಿಬಿರದ ಅವ್ಯವಸ್ಥೆಯಿಂದ ಅಭ್ಯಾಸ ಪಂದ್ಯಗಳೇ ತಪ್ಪಿಹೋದವು. ಈ ಪಟ್ಟಿಯಲ್ಲಿ ಏನಾದರೂ ಬಿಟ್ಟುಹೋಗಿದೆಯಾ ಅಂತ ಹುಡುಕಿದೆ. ಚೆಂಡು ಮಾತ್ರ ಗುಂಡಗೇ ಇತ್ತು ಅಂತ ಕಾಣುತ್ತೆ.

ಪತ್ರಕ್ಕಿಂತ ಚೆಂದದ್ದು ಚಂದಾ ವಸೂಲಿ. ಹವಾನಾ ಸೊಲಾನ್ ಅಂತ ಒಬ್ಬ ಆಟಗಾರ್ತಿ. 2019ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಜಮೈಕಾದ ಮೊಟ್ಟಮೊದಲ ಮಹಿಳಾ ವಿಶ್ವಕಪ್ ಗೋಲು ಹೊಡೆದವರು. ಅವರ ತಾಯಿ ಇಂಟರ್ನೆಟ್‌ನಲ್ಲಿ ಹಣ ಸಂಗ್ರಹಕ್ಕೆ ಇಳಿದರು. ಮಗಳು ದೇಶಕ್ಕೆ ಗೋಲು ಕೊಟ್ಟಳು, ಅಮ್ಮ ದೇಶದ ಪರವಾಗಿ ಡಬ್ಬಿ ಹಿಡಿದರು. ನಮ್ಮ ಬೀದಿಯಲ್ಲಿ ಗಣೇಶನ ಚಂದಾಕ್ಕೆ ಬರುವ ಹುಡುಗರು ನೆನಪಾದರು. ಆದರೆ ಅವರ ಹತ್ತಿರ ರಸೀದಿ ಪುಸ್ತಕ ಇರುತ್ತೆ, ಪೆಂಡಾಲು ಇರುತ್ತೆ, ಕೊನೆಗೆ ಒಂದು ದೊನ್ನೆ ಪ್ರಸಾದವಾದರೂ ಸಿಗುತ್ತೆ. ಗಣೇಶನ ಅಮ್ಮ ಬಂದು ಚಂದಾ ಕೇಳಿದ್ದು ನಾನಂತೂ ಕಂಡಿಲ್ಲ.

ಇದನ್ನು ಕಂಡು ಫೆಡರೇಶನ್ ನಾಚಿಕೊಂಡಿರಬೇಕು ಅಂತ ನೀವು ಅಂದುಕೊಳ್ಳಬಹುದು. ಎಲ್ಲವೂ ಸರಿಯಾಗಿ ನಡೆದಿಲ್ಲ ಎಂದು ಒಪ್ಪಿಕೊಂಡರು, ಸರಿಪಡಿಸುತ್ತಿದ್ದೇವೆ ಎಂದರು. ಅಷ್ಟೇ. ಅವರನ್ನು ಬೈಯೋದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಹೆಂಗಸರ ತಂಡವನ್ನು ಸಾಕುವ ಖರ್ಚು ಅವರಿಗೆ ಮಾತ್ರ ಗೊತ್ತು. ಅದಕ್ಕೇ 2010ರ ಸುಮಾರಿಗೆ ಅವರು ಒಂದು ಅದ್ಭುತ ಉಪಾಯ ಮಾಡಿದ್ದರು. ದುಡ್ಡು ಕೊಡೋದನ್ನೇ ನಿಲ್ಲಿಸಿಬಿಟ್ಟರು. ತಂಡ ಆಡೋದನ್ನು ನಿಲ್ಲಿಸಿತು. ಆಡದೆ ಆಡದೆ ಫಿಫಾದ ಶ್ರೇಯಾಂಕ ಪಟ್ಟಿಯಿಂದಲೇ ಹೆಸರು ಹೋಯಿತು. ಎಂಥ ಲಾಭ ನೋಡಿ! ಆ ವರ್ಷಗಳಲ್ಲಿ ಜಮೈಕಾ ಮಹಿಳೆಯರು ಒಂದೇ ಒಂದು ಪಂದ್ಯ ಸೋಲಲಿಲ್ಲ.

ಆಮೇಲೆ ಒಬ್ಬ ಹುಡುಗ ಸ್ಕೂಲಿನಿಂದ ಒಂದು ಚೀಟಿ ಹಿಡಿದು ಮನೆಗೆ ಬಂದ. ಮಹಿಳಾ ತಂಡಕ್ಕೆ ಸಹಾಯ ಮಾಡಿ ಅಂತ ಅದರಲ್ಲಿತ್ತು. ಪುಣ್ಯಕ್ಕೆ ಅವನ ಅಮ್ಮ ಸೆಡೆಲ್ಲಾ ಮಾರ್ಲಿ, ರೆಗ್ಗೆ ಸಂಗೀತದ ದೊಡ್ಡ ಗಾಯಕ ಬಾಬ್ ಮಾರ್ಲಿಯ ಮಗಳು. 2014ರಲ್ಲಿ ಅವರು ಕೈ ಹಾಕಿದರು. ಹ್ಯೂ ಮೆಂಝೀಸ್ ಸಂಬಳವಿಲ್ಲದೆ ಕೋಚ್ ಆದರು. 2018ರಲ್ಲಿ ಪನಾಮವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮಹಿಳಾ ವಿಶ್ವಕಪ್ಪಿಗೆ ಹೋದ ಮೊದಲ ಕೆರಿಬಿಯನ್ ದೇಶ ಜಮೈಕಾ ಆಯಿತು. ಅಂದರೆ ಆ ಚೀಟಿ ಬೇರೆ ಯಾರದಾದರೂ ಮನೆಗೆ ಹೋಗಿದ್ದರೆ ರದ್ದಿಗೆ ಹೋಗುತ್ತಿತ್ತು. ಒಂದು ದೇಶದ ಕ್ರೀಡಾನೀತಿ ಒಂದು ಹುಡುಗನ ಸ್ಕೂಲ್ ಬ್ಯಾಗಿನಲ್ಲಿತ್ತು.

ಜಮೈಕಾ ನಮಗೆ ಹೊಸದಲ್ಲ ಬಿಡಿ. 2013ರಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಪುಣೆ ವಿರುದ್ಧ ಔಟಾಗದೆ 175 ಹೊಡೆದ ಕ್ರಿಸ್ ಗೇಲ್ ಅಲ್ಲಿಯವನೇ. ಆವತ್ತು ಬೆಂಗಳೂರಿನ ಅರ್ಧ ಜನ ಜಮೈಕಾದವರಾಗಿಬಿಟ್ಟಿದ್ದರು. ಅದಕ್ಕೂ ಹಿಂದೆ 1976ರಲ್ಲಿ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್‌ನಲ್ಲಿ ಮೈಕೆಲ್ ಹೋಲ್ಡಿಂಗ್ ಮತ್ತು ಸಂಗಡಿಗರು ನಮ್ಮವರ ಕೈ, ಬಾಯಿ, ಕಿವಿ ಯಾವುದನ್ನೂ ಬಿಡಲಿಲ್ಲ. ಎರಡನೇ ಇನ್ನಿಂಗ್ಸ್‌ನಲ್ಲಿ 97ಕ್ಕೆ ಐದು ವಿಕೆಟ್ ಬಿತ್ತು, ಅಲ್ಲಿಗೆ ಮುಗಿಯಿತು. ಉಳಿದ ಐವರು ಗಾಯಗೊಂಡು ಬ್ಯಾಟ್ ಹಿಡಿಯಲೇ ಇಲ್ಲ. ಆ ಐವರಲ್ಲಿ ಮೂವರು ನಮ್ಮ ಕರ್ನಾಟಕಕ್ಕೆ ಆಡುತ್ತಿದ್ದವರು: ವಿಶ್ವನಾಥ್, ಬ್ರಿಜೇಶ್ ಪಟೇಲ್, ಚಂದ್ರಶೇಖರ್. ಇಷ್ಟೆಲ್ಲ ಹೊಡೆತ ತಿಂದೂ ಆ ಹೋಲ್ಡಿಂಗ್ ಓಡಿ ಬರುವ ಚೆಂದದ ಬಗ್ಗೆ ಮಾತಾಡುವ ಹಿರಿಯರು ಮಲ್ಲೇಶ್ವರದ ಕಡೆ ಇವತ್ತಿಗೂ ಸಿಗುತ್ತಾರೆ. 1988ರಲ್ಲಿ ಹಿಮವೇ ಬೀಳದ ಆ ದೇಶದಿಂದ ನಾಲ್ವರು ಗಂಡಸರು ಚಳಿಗಾಲದ ಒಲಿಂಪಿಕ್ಸ್‌ಗೆ ಬಾಬ್‌ಸ್ಲೆಡ್ ಅನ್ನೋ, ಮಂಜುಗಡ್ಡೆ ಮೇಲೆ ಜಾರುವ ಬಂಡಿ ಓಡಿಸಲು ಹೋಗಿ, ಉರುಳಿಬಿದ್ದು, ಜಗತ್ಪ್ರಸಿದ್ಧರಾದರು. ಗಂಡಸರಿಗೆ ಉರುಳಿಬಿದ್ದರೂ ಸಾಕಾಯಿತು.

ಹುಡುಗಿಯರು ಏನು ಮಾಡಿದರು? 2023ರಲ್ಲಿ ಫ್ರಾನ್ಸ್ ಜೊತೆ 0–0. ಆ ಪಂದ್ಯದ ಕೊನೆಯಲ್ಲಿ ತಂಡದ ದೊಡ್ಡ ಸ್ಟ್ರೈಕರ್ ಖದೀಜಾ ಶಾ ಕೆಂಪು ಕಾರ್ಡ್ ತಿಂದು ಹೊರಗೆ. ಸ್ಪ್ಯಾನಿಶ್ ಟೌನ್‌ನ ಹುಡುಗಿ, ಆಗ ಮ್ಯಾಂಚೆಸ್ಟರ್ ಸಿಟಿಗೆ ಆಡುತ್ತಿದ್ದವಳು, ಎಲ್ಲರ ಬಾಯಲ್ಲಿ ಅವಳ ಅಡ್ಡಹೆಸರು ‘ಬನ್ನಿ’. ಅವಳಿಲ್ಲದೆ ಪನಾಮ ವಿರುದ್ಧ 1–0. ಆಲಿಸನ್ ಸ್ವಾಬಿಯ ಹೆಡರ್. ಆಮೇಲೆ ಬ್ರೆಜಿಲ್ ಜೊತೆ ಮತ್ತೆ 0–0. ಬ್ರೆಜಿಲ್ ಮನೆಗೆ ಹೋಯಿತು, ಅವರ ದೊಡ್ಡ ತಾರೆ ಮಾರ್ತಾಳ ಕೊನೆಯ ವಿಶ್ವಕಪ್ ಅಲ್ಲಿಗೆ ಮುಗಿಯಿತು. ಕೊನೆಗೆ ಹದಿನಾರರ ಘಟ್ಟದಲ್ಲಿ ಕೊಲಂಬಿಯಾ ವಿರುದ್ಧ 0–1. ನಾಲ್ಕು ಪಂದ್ಯ, ಹೊಡೆದದ್ದು ಒಂದು ಗೋಲು, ಬಿಟ್ಟುಕೊಟ್ಟದ್ದು ಒಂದು ಗೋಲು. ಇಷ್ಟು ಮಿತವ್ಯಯದಲ್ಲಿ ವಿಶ್ವಕಪ್ ಆಡಿದ ತಂಡ ಇನ್ನೊಂದು ತೋರಿಸಿ ನೋಡೋಣ. ಫೆಡರೇಶನ್ ಕಲಿಸಿದ ಪಾಠ ಹುಡುಗಿಯರು ಮೈದಾನದಲ್ಲೂ ಮರೆಯಲಿಲ್ಲ.

ಇನ್ನು ದುಡ್ಡಿನ ಕತೆ. ಆ ಸಲ ಫಿಫಾ ಒಂದು ದೊಡ್ಡ ಘೋಷಣೆ ಮಾಡಿತ್ತು. ಲೀಗ್ ಹಂತದಲ್ಲಿ ಹೊರಬಿದ್ದರೂ ಪ್ರತಿ ಆಟಗಾರ್ತಿಗೆ 30,000 ಡಾಲರ್, ಹದಿನಾರರ ಘಟ್ಟಕ್ಕೆ ಹೋದರೆ 60,000. ಎಲ್ಲರೂ ಚಪ್ಪಾಳೆ ತಟ್ಟಿದರು. ಟೂರ್ನಿ ಶುರುವಾಗುವ ಹೊತ್ತಿಗೆ ಅಧ್ಯಕ್ಷರು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು: ಹಣ ಹೋಗುವುದು ಆಯಾ ದೇಶದ ಫೆಡರೇಶನ್‌ಗೆ, ಅವರು ಆಟಗಾರ್ತಿಯರಿಗೆ ಕೊಡುತ್ತಾರೆ. ಕೊಡುತ್ತಾರೆ, ಖಂಡಿತ ಕೊಡುತ್ತಾರೆ. ಊಟ ಕೊಟ್ಟಿಲ್ಲ ಅಂತ ಯಾರ ಮೇಲೆ ದೂರು ಬಂದಿದೆಯೋ ಅವರ ಕೈಗೇ ಬಡಿಸೋ ಸೌಟು.

2019ರಲ್ಲೂ ಹೀಗೇ ಆಗಿತ್ತು. ಫ್ರಾನ್ಸ್‌ನಲ್ಲಿ ವಿಶ್ವಕಪ್ ಆಡಿ ಬಂದು ಮೂರು ತಿಂಗಳಾಗುವಷ್ಟರಲ್ಲಿ ಹುಡುಗಿಯರು ಮುಷ್ಕರ ಹೂಡಿದ್ದರು. ದುಡ್ಡು ಕೊಡುವ ತನಕ ಆಡೋದಿಲ್ಲ ಅಂದಿದ್ದರು. ನಾಲ್ಕು ವರ್ಷದ ನಂತರ, 2023ರ ಅಕ್ಟೋಬರ್‌ನಲ್ಲಿ, ಅದೇ ಮಾತು ಮತ್ತೆ: ವಿಶ್ವಕಪ್ಪಿನ ಹಣ ಪೂರ್ತಿ ಬಂದಿಲ್ಲ, ನಾವು ಆಡುವುದಿಲ್ಲ.

ನನಗಿಲ್ಲಿ ನಗು ಬರುವುದು ನಿಂತುಹೋಯಿತು. ತಮಾಷೆಗೂ ಒಂದು ಮಿತಿ ಇದೆ. ಇವರು ಕೇಳುತ್ತಿರುವುದು ಅರಮನೆಯನ್ನಲ್ಲ. ಒಪ್ಪಿಕೊಂಡ ಸಂಬಳ, ಹೊತ್ತಿಗೆ ಸರಿಯಾಗಿ ಊಟ, ಪಂದ್ಯದ ದಿನಕ್ಕೆ ಮುಂಚೆ ತಲುಪುವ ವಿಮಾನ. ಇಷ್ಟನ್ನು ಪಡೆಯಲು ಪ್ರತಿ ಸಲ ಒಂದು ಪತ್ರ, ಒಂದು ಮುಷ್ಕರ, ಒಬ್ಬ ಅಮ್ಮ ಬೇಕು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಸುಸ್ತಾಗಿಬಿಡುತ್ತೆ ಕಣ್ರಿ. ಓದೋ ನನಗೇ ಸುಸ್ತಾದರೆ ಆಡೋ ಅವರಿಗೆ ಏನಾಗಬೇಕು?

ಹಿರಿಯ ಆಟಗಾರ್ತಿಯರು ಬರಲಿಲ್ಲ ಅಂತ ಫೆಡರೇಶನ್ ಬೇರೆ ಹುಡುಗಿಯರನ್ನು ಹುಡುಕಿ, ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್ ದೇಶಗಳ ಟೂರ್ನಿಯಾದ ಗೋಲ್ಡ್ ಕಪ್‌ನ ಅರ್ಹತಾ ಪಂದ್ಯಗಳಿಗೆ ಕಳಿಸಿತು. ಪಾಪ, ಆ ಮಕ್ಕಳದ್ದೇನೂ ತಪ್ಪಿಲ್ಲ. ಜಮೈಕಾಗೆ ಜಾಗ ಸಿಗಲಿಲ್ಲ. 2024ರ ಫೆಬ್ರವರಿಯಲ್ಲಿ ಗೋಲ್ಡ್ ಕಪ್ ಶುರುವಾದಾಗ ಪನಾಮ ಇತ್ತು, ಅತಿಥಿಯಾಗಿ ಬ್ರೆಜಿಲ್ ಕೂಡ ಇತ್ತು. ಆರು ತಿಂಗಳ ಹಿಂದೆ ವಿಶ್ವಕಪ್ಪಿನಲ್ಲಿ ಎರಡನ್ನೂ ಹಿಂದಿಕ್ಕಿ ಮುಂದೆ ಹೋಗಿದ್ದ ಜಮೈಕಾ ಮನೆಯಲ್ಲಿತ್ತು. ವಿಮಾನದ ಟಿಕೆಟ್ಟು, ಹೋಟೆಲು, ಊಟ, ಎಲ್ಲ ಖರ್ಚೂ ಉಳಿಯಿತು.