ನಿಕಟಪೂರ್ವರೂ ಪ್ರಬಲ ಆಕಾಂಕ್ಷಿಗಳೂ

ನಮ್ಮ ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವರೊಬ್ಬರ ಗೂಡಂಗಡಿಯಿದೆ. ಬೆಂಗಳೂರಿನ ಸ್ಥಳೀಯ ಸ್ವರಾಜ್ಯದ ಇತ್ತೀಚಿನ ಚರಿತ್ರೆಯನ್ನು ಅಭ್ಯಾಸ ಮಾಡಬಯಸುವವರು ಪತ್ರಾಗಾರಕ್ಕೆ ಹೋಗಬೇಕಿಲ್ಲ, ಆ ಗೂಡನ್ನು ಒಂದು ಸುತ್ತು ಬಂದರೆ ಸಾಕು. ಅದರ ಮಾಡು 198 ವಾರ್ಡುಗಳ ಕಾಲದ್ದು. ಹಿಂಬದಿಯ ಗೋಡೆ 243 ವಾರ್ಡುಗಳ ಕಾಲದ್ದು. ಸಂಜೆಯ ಬಿಸಿಲು ಬೀಳುವ ಪಕ್ಕಕ್ಕೆ ಕಟ್ಟಿದ ಮರೆ 225 ವಾರ್ಡುಗಳ ಕಾಲದ್ದು. ಮೂರೂ ಫ್ಲೆಕ್ಸುಗಳಲ್ಲಿ ಬಿಳಿ ಅಂಗಿ ತೊಟ್ಟು, ಕೈಮುಗಿದು, ನಮ್ಮೆಲ್ಲರ ಕ್ಷೇಮಕ್ಕಾಗಿ ಮಂದಹಾಸ ಬೀರುತ್ತಿರುವ ವ್ಯಕ್ತಿ ಮಾತ್ರ ಒಬ್ಬರೇ. ಅವರ ಹೆಸರಿನ ಹಿಂದೆ ಮುಂದೆ ಯುವ ನಾಯಕರು, ಸಮಾಜ ಸೇವಕರು, ಕೊಡುಗೈ ದಾನಿಗಳು ಎಂಬ ವಿಶೇಷಣಗಳಿವೆ. ಎಲ್ಲಕ್ಕಿಂತ ಕೆಳಗೆ, ಹಳದಿ ಪಟ್ಟಿಯ ಮೇಲೆ ಕೆಂಪಕ್ಷರದಲ್ಲಿ, ಅವರ ನಿಜವಾದ ಹುದ್ದೆಯನ್ನು ನಮೂದಿಸಲಾಗಿದೆ: ‘ಈ ವಾರ್ಡಿನ ಪ್ರಬಲ ಆಕಾಂಕ್ಷಿ’.

ಅದನ್ನು ಹುದ್ದೆಯೆಂದು ಕರೆದದ್ದು ಕೈತಪ್ಪಿನಿಂದಲ್ಲ. 2015ರ ಆಗಸ್ಟ್ 22ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಮತದಾನ ನಡೆದಾಗ ನಮ್ಮ ಆಕಾಂಕ್ಷಿಗಳಿಗೆ ಟಿಕೆಟ್ ತಪ್ಪಿತ್ತು. ‘ಮುಂದಿನ ಸಲ ನೋಡೋಣ’ ಎಂದು ನಾಯಕರು ಬೆನ್ನು ತಟ್ಟಿ ಕಳಿಸಿದರಂತೆ. ಆ ಮುಂದಿನ ಸಲವನ್ನು ಕಾಯುತ್ತ ಅವರ ಮಗಳು ಪ್ರಾಥಮಿಕ ಶಾಲೆ ಮುಗಿಸಿ, ಹೈಸ್ಕೂಲು ಮುಗಿಸಿ, ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡಿದ್ದಾಳೆ. ತಂದೆ ಮಾತ್ರ ಫ್ಲೆಕ್ಸಿನಲ್ಲಿ ಇನ್ನೂ ಯುವ ನಾಯಕರಾಗಿಯೇ ಉಳಿದಿದ್ದಾರೆ, ಏಕೆಂದರೆ ಮುದ್ರಣಾಲಯದವರ ಬಳಿ ಇರುವುದು ಅಂದಿನ ಫೋಟೋ.

ಸಂವಿಧಾನವೇನೋ ಈ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಟ್ಟಿಲ್ಲ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ ಪ್ರಕಾರ ಪಾಲಿಕೆಯೊಂದರ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವುದರೊಳಗೇ ಮುಂದಿನ ಚುನಾವಣೆ ಮುಗಿದಿರಬೇಕು. ಶಾಸಕರ ಮತ್ತು ಸಂಸದರ ಚುನಾವಣೆಗಳ ವಿಷಯದಲ್ಲಿ ಇಂಥ ಮಾತನ್ನು ಎಲ್ಲರೂ ಅಕ್ಷರಶಃ ಓದುತ್ತಾರೆ. ಪಾಲಿಕೆಯ ವಿಷಯ ಬಂದಾಗ ಮಾತ್ರ ಅದು ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವ ‘ತಾವು ಸಕುಟುಂಬ ಸಪರಿವಾರ ಆಗಮಿಸಿ’ ಎಂಬ ವಾಕ್ಯದಂತೆ ಸೌಜನ್ಯದ ಮಾತಾಗಿಬಿಡುತ್ತದೆ. 2006ರ ನವೆಂಬರಿನಲ್ಲಿ ಅವಧಿ ಮುಗಿಸಿದ ಪಾಲಿಕೆಗೆ ಚುನಾವಣೆ ಬಂದದ್ದು 2010ರ ಮಾರ್ಚಿನಲ್ಲಿ. 2015ರದೂ ಪಾಲಿಕೆಯನ್ನು ಒಡೆಯುವ ಮಾತು, ನ್ಯಾಯಾಲಯದ ಮಾತು ಎಲ್ಲ ಮುಗಿದ ಮೇಲೆಯೇ ನಡೆಯಿತು. ಆಗ ಆರಿಸಿ ಬಂದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಅಂದು ಕೀಲಿಕೈ ಪಡೆದ ಆಡಳಿತಾಧಿಕಾರಿಯ ಕುರ್ಚಿಯಲ್ಲಿ ಕೂರುವವರು ಬದಲಾಗಿರಬಹುದು, ಕುರ್ಚಿ ಬದಲಾಗಲಿಲ್ಲ.

ಇಲ್ಲಿ ಭಾಷೆಗೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾಗದು. ಆ 198 ಮಂದಿ ಸದಸ್ಯರು ಮಾಜಿಗಳಾದರು ಎಂದು ನೀವು ಭಾವಿಸಿದ್ದರೆ ಅದು ತಪ್ಪು. ಅವರು ‘ನಿಕಟಪೂರ್ವ’ರಾದರು. ನಮ್ಮ ಬಡಾವಣೆಯ ಗಣೇಶನ ಪೆಂಡಾಲಿನ ಮುಂದಿನ ಸ್ವಾಗತ ಕಮಾನಿನಲ್ಲಿ, ಅಣ್ಣಮ್ಮ ದೇವಿಯ ಉತ್ಸವದ ಕರಪತ್ರದಲ್ಲಿ, ಉದ್ಯಾನದ ಮುರಿದ ಬೆಂಚಿನ ಮೇಲೆ ಇಂದಿಗೂ ಅವರು ನಿಕಟಪೂರ್ವರೇ. ಅಧಿಕಾರದಲ್ಲಿದ್ದದ್ದು ಐದು ವರ್ಷ, ನಿಕಟಪೂರ್ವರಾಗಿರುವುದು ಅದನ್ನೂ ಮೀರಿ ನಡೆದಿದೆ. ಹಳೆಯ ಸದಸ್ಯರೊಬ್ಬರನ್ನು ಕಂಡಾಗ ನಾನೇ ಕೇಳಿದೆ, ಇಷ್ಟು ವರ್ಷವಾದ ಮೇಲೂ ನಿಕಟ ಹೇಗಾಗುತ್ತದೆ ಎಂದು. ‘ನನ್ನ ನಂತರ ಯಾರೂ ಬಂದಿಲ್ಲವಲ್ಲ ಸಾರ್, ನನಗಿಂತ ನಿಕಟ ಯಾರಿದ್ದಾರೆ?’ ಎಂದರು. ವ್ಯಾಕರಣದ ದೃಷ್ಟಿಯಿಂದ ಅವರ ಉತ್ತರದಲ್ಲಿ ದೋಷ ಕಾಣಲಿಲ್ಲ.

ಆಕಾಂಕ್ಷಿಗಳ ವೃತ್ತಿಜೀವನಕ್ಕೆ ಪಂಚಾಂಗದಷ್ಟೇ ಕಟ್ಟುನಿಟ್ಟಾದ ಕ್ರಮವಿದೆ. ಸಂಕ್ರಾಂತಿಗೆ ಎಳ್ಳು ಬೆಲ್ಲದ ಪೊಟ್ಟಣ. ಎಳ್ಳಿಗಿಂತ ಪೊಟ್ಟಣದ ಮೇಲಿನ ಭಾವಚಿತ್ರ ದೊಡ್ಡದು. ಜೂನಿನಲ್ಲಿ ಶಾಲಾ ಮಕ್ಕಳಿಗೆ ನೋಟ್‌ಬುಕ್ಕು. ಅದರ ರಟ್ಟಿನ ಮೇಲೆ ಸರಸ್ವತಿ ಇರಬೇಕಾದ ಜಾಗದಲ್ಲಿ ಅವರು, ಅವರಿರಬೇಕಾದ ಜಾಗದಲ್ಲಿ ಸರಸ್ವತಿ. ಅದೇ ತಿಂಗಳ ಕೊನೆಗೆ ಕೆಂಪೇಗೌಡ ಜಯಂತಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮದೊಂದಿಗೆ ರವಿಕೆ ಕಣ, ಗಣಪತಿಗೆ ಆರ್ಕೆಸ್ಟ್ರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ, ವರ್ಷದ ಕೊನೆಗೆ ಹೆಂಗಸರಿಗೆ ಓಂ ಶಕ್ತಿಯ ಬಸ್ಸು. ನಡುವೆ ಉಚಿತ ಕಣ್ಣಿನ ತಪಾಸಣೆ ಮತ್ತು ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ. ಇದೆಲ್ಲಕ್ಕೂ ಮುಕುಟಪ್ರಾಯವಾದದ್ದು ಅವರ ಹುಟ್ಟುಹಬ್ಬ. ಅಂದು ಬೀದಿಯ ಎರಡೂ ಬದಿಯ ವಿದ್ಯುತ್ ಕಂಬಗಳ ಮೇಲೆ ಶುಭ ಕೋರುವವರ ಪಾಸ್‌ಪೋರ್ಟ್ ಅಳತೆಯ ಮುಖಗಳು ಎಷ್ಟು ಒತ್ತೊತ್ತಾಗಿ ತುಂಬಿರುತ್ತವೆಂದರೆ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರು ಕೂಡ ಅಲ್ಲಿ ಸಿಗುತ್ತಾರೆ.

ಈ ಫ್ಲೆಕ್ಸುಗಳು ಕಾನೂನಿಗೆ ವಿರುದ್ಧವೆಂದು ಯಾರಾದರೂ ಆಕ್ಷೇಪಿಸಬಹುದು. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು 1981ರಿಂದಲೂ ರಾಜ್ಯದಲ್ಲಿ ಕಾಯಿದೆಯಿದೆ. 2018ರಲ್ಲಿ ಹೈಕೋರ್ಟ್ ಗದರಿದಾಗ ಪಾಲಿಕೆ ಕೆಲವೇ ದಿನಗಳಲ್ಲಿ ಸಾವಿರಾರು ಫ್ಲೆಕ್ಸುಗಳನ್ನು ಕಿತ್ತುಹಾಕಿ, ತನಗೆ ಮನಸ್ಸಿದ್ದರೆ ಕೆಲಸ ಮಾಡಲು ಬರುತ್ತದೆಂಬುದನ್ನು ಊರಿಗೆಲ್ಲ ತೋರಿಸಿಕೊಟ್ಟಿತ್ತು. ಆ ಪ್ರದರ್ಶನ ಅಲ್ಲಿಗೆ ಮುಗಿಯಿತು. ನಾಳೆ ನಗರದ ಕಾನೂನನ್ನು ಕಾಯಲು ಆಯ್ಕೆಯಾಗಬೇಕಾದವರು ಇಂದು ಅದನ್ನು ಮುರಿದೇ ತಮ್ಮ ಪರಿಚಯ ಹೇಳಿಕೊಳ್ಳಬೇಕಾಗಿರುವುದು ವೃತ್ತಿಯ ಅನಿವಾರ್ಯ ಎಂದು ನಮ್ಮ ಆಕಾಂಕ್ಷಿಗಳೇ ಒಮ್ಮೆ ನೊಂದುಕೊಂಡು ಹೇಳಿದ್ದಾರೆ.

ಇಷ್ಟೆಲ್ಲ ಪರಿಶ್ರಮದ ನಡುವೆ ಅವರಿಗೆ ನೆಮ್ಮದಿ ಕೊಡದ ಸಂಗತಿಯೆಂದರೆ, ಸ್ಪರ್ಧಿಸಬೇಕಾದ ವಾರ್ಡು ಅವರ ಕಾಲಡಿಯಿಂದ ಮತ್ತೆ ಮತ್ತೆ ಜಾರಿಹೋಗುವುದು. 2020ರ ಡಿಸೆಂಬರ್ ಮೊದಲ ವಾರದಲ್ಲಿ ಹೈಕೋರ್ಟ್ 198 ವಾರ್ಡುಗಳಿಗೇ ಬೇಗನೆ ಚುನಾವಣೆ ನಡೆಸಿ ಎಂದಿತು. ಅವರು ಫ್ಲೆಕ್ಸ್ ಹಾಕಿಸಿದರು. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಫ್ಲೆಕ್ಸ್ ಇಸ್ತ್ರಿ ಅಂಗಡಿಯ ಮಾಡಾಯಿತು. 2022ರ ಜುಲೈನಲ್ಲಿ ವಾರ್ಡುಗಳು 243 ಆದವು, ಪುನಃ ಫ್ಲೆಕ್ಸ್. ಮೀಸಲಾತಿ ಪಟ್ಟಿ ಬಂತು, ಅದನ್ನು ಹೈಕೋರ್ಟ್ ರದ್ದುಗೊಳಿಸಿತು, ಅಷ್ಟರಲ್ಲಿ ವಿಧಾನಸಭೆಯ ಚುನಾವಣೆ ಬಂದು ಸರ್ಕಾರವೇ ಬದಲಾಯಿತು, ಹೊಸ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ವಾರ್ಡುಗಳನ್ನು 225ಕ್ಕೆ ಇಳಿಸಿತು. ಹಳೆಯ ಸರ್ಕಾರ ಹೆಚ್ಚಿಸಿದ್ದೂ ಜನರ ಅನುಕೂಲಕ್ಕೆ, ಹೊಸ ಸರ್ಕಾರ ಇಳಿಸಿದ್ದೂ ಜನರ ಅನುಕೂಲಕ್ಕೆ. ಕೊನೆಗೆ ಪಾಲಿಕೆಯನ್ನೇ ಇಲ್ಲವಾಗಿಸಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ರಚಿಸಿ, ಅದರಡಿ 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳನ್ನು ಹುಟ್ಟುಹಾಕಿದರು. ಕರಡಿನಲ್ಲಿ 368 ಇದ್ದ ವಾರ್ಡುಗಳು ನವೆಂಬರಿನ ಅಂತಿಮ ಪಟ್ಟಿಯಲ್ಲಿ 369 ಆದವು. ಆ ಒಂದು ವಾರ್ಡು ಎಲ್ಲಿಂದ ಬಂತೆಂದು ಕೇಳಿದರೆ, ಬಂದದ್ದು ಪಶ್ಚಿಮದಲ್ಲಿ ಎಂದಷ್ಟೇ ಹೇಳಬಲ್ಲೆ.

ಈ ಎಲ್ಲ ಲೆಕ್ಕಕ್ಕೂ ಆಧಾರ 2011ರ ಜನಗಣತಿ. ಅಂದು ಪಾಲಿಕೆಯ ವ್ಯಾಪ್ತಿಯಲ್ಲಿ ಇದ್ದವರು ಸುಮಾರು 84 ಲಕ್ಷ ಜನ. ಆ ನಂತರ ಬಂದವರು ಇಲ್ಲಿ ಬಾಡಿಗೆ ಕೊಡುತ್ತಾರೆ, ತೆರಿಗೆ ಕಟ್ಟುತ್ತಾರೆ, ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತಾರೆ, ಆದರೆ ವಾರ್ಡು ವಿಂಗಡಣೆಯ ದೃಷ್ಟಿಯಲ್ಲಿ ಇನ್ನೂ ಊರಿನಿಂದ ಹೊರಟೇ ಇಲ್ಲ.

ಗಡಿಗಳ ಅಧಿಸೂಚನೆ ಹೊರಬಿದ್ದ ದಿನ ಆಕಾಂಕ್ಷಿಗಳ ಮನೆಯ ವಾತಾವರಣವನ್ನು ನೋಡಬೇಕು. ಉತ್ತರಕ್ಕೆ ಇಂಥ ಮುಖ್ಯರಸ್ತೆ, ಪೂರ್ವಕ್ಕೆ ರಾಜಕಾಲುವೆ, ದಕ್ಷಿಣಕ್ಕೆ ರೈಲು ಹಳಿ, ಪಶ್ಚಿಮಕ್ಕೆ ಇಂಥ ಅಡ್ಡರಸ್ತೆ ಎಂಬ ಚಕ್ಕುಬಂದಿಯನ್ನು ಅವರು ಭಾಗಪತ್ರ ಓದುವ ದಾಯಾದಿಯಂತೆ ಬೆರಳಿಟ್ಟು ಓದುತ್ತಾರೆ. ಹಿಂದಿನ ಸಲ ಸೀರೆ ಹಂಚಿದ ನಾಲ್ಕು ಬೀದಿಗಳು ರಾಜಕಾಲುವೆಯ ಆಚೆಗೆ ಹೋಗಿ ಬೇರೊಬ್ಬ ಆಕಾಂಕ್ಷಿಯ ಪಾಲಾದದ್ದು ಕಂಡು ಅವರಿಗೆ ಎರಡು ದಿನ ಊಟ ರುಚಿಸಲಿಲ್ಲ. ಅವರ ಸ್ವಂತ ಮನೆಯೇ ಒಂದು ಪಟ್ಟಿಯಲ್ಲಿ ಈ ವಾರ್ಡಿಗೂ ಅವರ ಕಚೇರಿ ಪಕ್ಕದ ವಾರ್ಡಿಗೂ ಸೇರಿತ್ತು. ಹೀಗಾಗಿ ಕೆಲವು ಕಾಲ ಅವರು ಬೆಳಗ್ಗೆ ಒಂದು ವಾರ್ಡಿನಲ್ಲಿ ಎದ್ದು, ಹತ್ತು ಗಂಟೆಗೆ ಇನ್ನೊಂದರಲ್ಲಿ ಸಮಾಜ ಸೇವೆ ಮಾಡಿ, ಮಧ್ಯಾಹ್ನ ಊಟಕ್ಕೆ ಮರಳಬೇಕಾಗಿತ್ತು. ಈಗ ಅವರು ಜಾಣರಾಗಿದ್ದಾರೆ: ಫ್ಲೆಕ್ಸಿನಲ್ಲಿ ವಾರ್ಡಿನ ಸಂಖ್ಯೆ ಬರುವ ಕಡೆ ಅಂಗೈಯಗಲ ಜಾಗವನ್ನು ಖಾಲಿ ಬಿಡಿಸಿ, ಸರ್ಕಾರ ಹೇಳಿದ ಅಂಕಿಯನ್ನು ಅಂಟಿಸುತ್ತಾರೆ.

ಸಂಖ್ಯೆ ನಿಂತರೂ ಮೀಸಲಾತಿ ನಿಲ್ಲಬೇಕಲ್ಲ. ಸಾಮಾನ್ಯ, ಸಾಮಾನ್ಯ ಮಹಿಳೆ, ಹಿಂದುಳಿದ ವರ್ಗ ‘ಎ’, ಹಿಂದುಳಿದ ವರ್ಗ ‘ಬಿ’ ಎಂಬ ಚಕ್ರ ಎಲ್ಲಿ ನಿಲ್ಲುವುದೋ ತಿಳಿಯದ್ದರಿಂದ ಅವರು ತಮ್ಮ ಶ್ರೀಮತಿಯವರನ್ನು ಸಜ್ಜುಗೊಳಿಸಿದ್ದಾರೆ. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲೆಂಬುದು ಈ ರಾಜ್ಯ ತಂದ ಒಳ್ಳೆಯ ಕಾನೂನುಗಳಲ್ಲಿ ಒಂದು, ಅದರ ದೆಸೆಯಿಂದ ನಿಜವಾಗಿ ದುಡಿದ ಹೆಣ್ಣುಮಕ್ಕಳು ಪಾಲಿಕೆಗೆ ಬಂದದ್ದನ್ನು ನಾನೇ ಕಂಡಿದ್ದೇನೆ. ನಮ್ಮ ಆಕಾಂಕ್ಷಿಗಳು ಈ ಕಾನೂನನ್ನು ಗೌರವಿಸುವ ಬಗೆ ಮಾತ್ರ ವಿಶಿಷ್ಟ. ಮಹಿಳಾ ದಿನಾಚರಣೆಗೆ ಹಾಕಿಸಿದ ಫ್ಲೆಕ್ಸಿನಲ್ಲಿ ಅಭ್ಯರ್ಥಿಯಾಗಲಿರುವ ಶ್ರೀಮತಿಯವರು ಮೂಲೆಯಲ್ಲಿ, ಅಂಚೆಚೀಟಿಯ ಗಾತ್ರದಲ್ಲಿ, ಮದುವೆಯ ಆಲ್ಬಮ್ಮಿನಿಂದ ಕತ್ತರಿಸಿದ ಚಿತ್ರದಲ್ಲಿದ್ದರು. ನಡುವೆ ಆಳೆತ್ತರಕ್ಕೆ ಯಜಮಾನರು. ಆ ತಾಯಿಗೆ ಈ ವಿಷಯ ಯಾವಾಗ ತಿಳಿಯಿತೆಂದು ನನ್ನ ಹೆಂಡತಿ ಕೇಳಿದಾಗ, ‘ಸೊಪ್ಪು ತರೋಕೆ ಹೋದಾಗ ಕಂಬದ ಮೇಲೆ ನೋಡಿದೆ ಕಣ್ರೀ’ ಎಂದು ಅವರು ತಣ್ಣಗೆ ಹೇಳಿದರು.

ಇಷ್ಟು ಬಯಸಿ ಪಡೆಯಬೇಕಾದ ಆ ಕುರ್ಚಿಯಲ್ಲಿ ಏನಿದೆ ಎಂಬುದನ್ನೂ ನೋಡಬೇಕಲ್ಲವೇ? ನಲ್ಲಿಯ ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು, ನಿವೇಶನ ಬಿಡಿಎಯದು, ಕಸಕ್ಕೂ ಒಂದು ಕಂಪನಿಯಾಗಿದೆ. ಸಂವಿಧಾನದ 12ನೇ ಅನುಸೂಚಿ ನಗರಸಂಸ್ಥೆಗಳಿಗೆಂದು 18 ವಿಷಯಗಳನ್ನು ಪಟ್ಟಿಮಾಡಿದೆ. ಬೆಂಗಳೂರಿನ ಸದಸ್ಯರ ಕೈಗೆ ಸಲೀಸಾಗಿ ಬಂದದ್ದು ಬೀದಿದೀಪ, ಚರಂಡಿ, ಗುಂಡಿ, ಬೀದಿನಾಯಿ ಮತ್ತು ಇವುಗಳ ಬಗ್ಗೆ ರಾತ್ರಿ ಹನ್ನೊಂದಕ್ಕೆ ಬರುವ ಫೋನು. ಮೇಯರ್ ಪದವಿಯೂ ಒಂದೇ ವರ್ಷದ್ದಾಗಿತ್ತು. ಹೊಸ ಕಾಯಿದೆ ಅದನ್ನು 30 ತಿಂಗಳಿಗೆ ಏರಿಸಿದ್ದರಿಂದ ಮತ್ತು ಪಾಲಿಕೆಗಳು ಐದಾದದ್ದರಿಂದ, ಐದು ವರ್ಷಕ್ಕೆ ಹತ್ತು ಮೇಯರುಗಳು ಬೇಕಾಗುತ್ತಾರೆಂದು ನಮ್ಮ ಆಕಾಂಕ್ಷಿಗಳು ಆಗಲೇ ಬೆರಳು ಮಡಿಸಿ ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ಹಾಕುವಾಗ ಅವರ ಮುಖದಲ್ಲಿ ಮೂಡಿದ ಕಳೆ ನಿಜಕ್ಕೂ ಯುವ ನಾಯಕನದೇ ಆಗಿತ್ತು.

ಈ ಕಾಯುವಿಕೆಯಿಂದ ತೊಂದರೆಯಾಗದ ಒಂದು ವರ್ಗವೂ ಊರಿನಲ್ಲಿದೆ. ವಾರ್ಡಿಗೆ ಸದಸ್ಯರಿಲ್ಲದಿದ್ದರೆ ಗುದ್ದಲಿ ಪೂಜೆಗೆ ಶಾಸಕರೊಬ್ಬರೇ ಸಾಕು, ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರುಗಳ ನೂಕುನುಗ್ಗಲಿಲ್ಲ, ಕಾಮಗಾರಿಯ ಹಣದ ಬಗ್ಗೆ ಸಭೆಯಲ್ಲಿ ಎದ್ದುನಿಂತು ಕೇಳುವವರಿಲ್ಲ. ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು, ಶಾಸಕರು ಅದರ ಸದಸ್ಯರು. ಹೀಗಿರುವಾಗ ಚುನಾವಣೆ ತಡವಾದದ್ದಕ್ಕೆ ಅಧಿಕಾರದಲ್ಲಿರುವ ಪಕ್ಷ ವಿರೋಧ ಪಕ್ಷವನ್ನೂ, ವಿರೋಧ ಪಕ್ಷ ಅಧಿಕಾರದಲ್ಲಿರುವ ಪಕ್ಷವನ್ನೂ ದೂರುವುದು ವಾಡಿಕೆ. ಅಧಿಕಾರ ಬದಲಾದಾಗ ಇಬ್ಬರೂ ಭಾಷಣದ ಹಾಳೆಗಳನ್ನು ಅದಲು ಬದಲು ಮಾಡಿಕೊಂಡರೆ ಕೆಲಸ ಮುಗಿಯುತ್ತದೆ. ಮತದಾರರಾದ ನಾವೂ ದೊಡ್ಡ ಮಾತಾಡುವಂತಿಲ್ಲ. 2015ರಲ್ಲಿ ಚುನಾವಣೆ ಇಟ್ಟಾಗ ಮತ ಹಾಕಲು ಹೋದವರು ಅರ್ಧದಷ್ಟೂ ಇರಲಿಲ್ಲ. ಉಳಿದವರು ಆ ಶನಿವಾರ ನಂದಿಬೆಟ್ಟದ ದಾರಿಯಲ್ಲಿದ್ದರೋ ಏನೋ.

369ರ ಅಂತಿಮ ಪಟ್ಟಿ ಪ್ರಕಟವಾದ ವಾರದಲ್ಲಿ ಎರಡು ಅಂಗಿಗಳನ್ನು ಹಿಡಿದು ಇಸ್ತ್ರಿ ಅಂಗಡಿಗೆ ಹೋದೆ. ಮಾಡಿನ ಮೇಲಿನ 198ರ ಫ್ಲೆಕ್ಸು ಬಿಸಿಲಿಗೆ ಪುಡಿಯಾಗಿ, ಆಕಾಂಕ್ಷಿಗಳ ಹಣೆಯ ಭಾಗದಲ್ಲಿ ತೂತು ಬಿದ್ದು, ಅಲ್ಲಿಂದ ಹಿಂದಿನ ರಾತ್ರಿಯ ಮಳೆ ನೀರು ಇಸ್ತ್ರಿ ಮಾಡಿಟ್ಟ ಬಟ್ಟೆಗಳ ಮೇಲೆ ಸೋರಿತ್ತು. ಅಂಗಡಿಯಾತ ಕೆಂಡ ಊದುತ್ತಿದ್ದವರು ತಲೆಯೆತ್ತಿ, ‘ಸಾರ್, ನೀವು ಪೇಪರ್ ಓದ್ತೀರಲ್ಲ, ಎಲೆಕ್ಷನ್ನು ಯಾವಾಗಂತೆ?’ ಎಂದು ಕೇಳಿದರು. ಈ ಊರಿನಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಕಳವಳ ಪಡುವವರೊಬ್ಬರು ಕೊನೆಗೂ ಸಿಕ್ಕರೆಂಬ ಸಂತೋಷದಲ್ಲಿ ನಾನು ಕೋರ್ಟು, ಮೀಸಲಾತಿ, ಮತದಾರರ ಪಟ್ಟಿ ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ತೂತಿನ ಕಡೆಗೊಮ್ಮೆ ನೋಡಿ ಹೇಳಿದರು: ‘ಅದೆಲ್ಲ ಇರಲಿ ಸಾರ್. ಅಣ್ಣನ ಹೊಸ ಫ್ಲೆಕ್ಸು ಮಳೆಗಾಲಕ್ಕೆ ಮುಂಚೆ ಸಿಗುತ್ತಾ? ಈ ಸಲ ಸ್ವಲ್ಪ ದಪ್ಪಗಿರೋದು ಹಾಕಿಸೋಕೆ ಹೇಳಿದೀನಿ.’