ಚಿಕೋರಿ ಪಿಎಚ್‌ಡಿ

ಪಹಣಿಯ ಜೆರಾಕ್ಸ್ ಮಾಡಿಸಲು ಮಡಿಕೇರಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಹುಡುಗನೊಬ್ಬ ಕೊಡೆ ಮಡಚುತ್ತಾ ಒಳಬಂದು, "ಅಣ್ಣಾ, ಮೂವತ್ತೆಂಟು ಬಂದಿದೆ" ಎಂದ. ಕೊಡಗಿನಲ್ಲಿ ಯಾರಾದರೂ ಬರೀ ಅಂಕಿ ಹೇಳಿದರೆ ಅದು ಮಳೆಯ ಇಂಚು. ನಾನು ತಲೆದೂಗಿದೆ. ಅಂಗಡಿಯವರು ಮಾತ್ರ, "ಗಾಬರಿ ಬೇಡ, ಸಂಜೆಯೊಳಗೆ ಒಂಬತ್ತಕ್ಕೆ ಇಳಿಸಿ ಕೊಡುತ್ತೇನೆ" ಎಂದರು. ಬಿದ್ದ ಮಳೆಯನ್ನು ಇಳಿಸುವ ಪುಣ್ಯಾತ್ಮರು ಯಾರಪ್ಪಾ ಎಂದು ನೋಡಿದರೆ, ಅದು ಹುಡುಗನ ಪಿಎಚ್‌ಡಿ ಮಹಾಪ್ರಬಂಧದ ಕೃತಿಚೌರ್ಯದ ಪರ್ಸೆಂಟೇಜ್!

ವಿಶ್ವವಿದ್ಯಾಲಯಗಳ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಶೇ 10ರವರೆಗೆ ಹೋಲಿಕೆಯಿದ್ದರೆ ದಂಡವಿಲ್ಲ. ಶೇ 40ರವರೆಗೆ ಆದರೆ ಆರು ತಿಂಗಳೊಳಗೆ ತಿದ್ದಿ ತರಬೇಕು. ಶೇ 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿ ರದ್ದು. ಇದನ್ನೇ ತೋಟಕ್ಕೆ ಅನ್ವಯಿಸಿ. ಜನವರಿಯ ರಾತ್ರಿ ಪಕ್ಕದವರ ಕಣದಲ್ಲಿ ಒಣಹಾಕಿದ ಕಾಫಿಯನ್ನು ತುಂಬಿಕೊಂಡವನು ಸಿಕ್ಕಿಬೀಳುತ್ತಾನೆ. ಪೊಲೀಸರು ಲಾಠಿಯ ಬದಲು ತಕ್ಕಡಿ ತರುತ್ತಾರೆ. ನೂರು ಕೆಜಿಯಲ್ಲಿ ಹತ್ತು ಮಾತ್ರ ಪಕ್ಕದವರದ್ದೋ? ಹೋಗಿ ಬನ್ನಿ ಸ್ವಾಮಿ. ಮೂವತ್ತೆಂಟೋ? ಆರು ತಿಂಗಳೊಳಗೆ ಚೀಲವನ್ನು ಪರಿಷ್ಕರಿಸಿ ತನ್ನಿ. ಅರುವತ್ತು ದಾಟಿತೋ? ಕಳ್ಳನಾಗಿ ನಿಮ್ಮ ನೋಂದಣಿ ರದ್ದು.

ಇನ್ನೊಂದು ರಿಯಾಯಿತಿಯೂ ಉಂಟು. ಸತತ ಹದಿನಾಲ್ಕು ಪದಗಳವರೆಗೆ ಒಂದೇ ಆಗಿದ್ದರೆ ಅದು ಸಾಮಾನ್ಯ ಜ್ಞಾನ ಅಥವಾ ಕಾಕತಾಳೀಯವೆಂದು ಬಿಟ್ಟುಬಿಡಬಹುದು. ರಾಮನಿಗೆ ಹದಿನಾಲ್ಕು ವರ್ಷ ಬೇಕಾಯಿತು. ನಮ್ಮವರು ಹದಿನೈದನೆಯ ಪದ ಬದಲಿಸಿದರೆ ನೇರ ಪಟ್ಟಾಭಿಷೇಕ.

ಬದಲಿಸುವ ಕಲೆಯನ್ನು ಅಂಗಡಿಯವರು ನನ್ನೆದುರೇ ತೋರಿಸಿದರು. ಪ್ರಬಂಧದ ವಿಷಯ ಕಾಫಿ ಕೃಷಿ. ಹೋಲಿಕೆ ಹುಡುಕುವ ಯಂತ್ರ ಪದವನ್ನು ಹಿಡಿಯುತ್ತದೆ, ಕಳ್ಳನನ್ನಲ್ಲ. ಆದ್ದರಿಂದ ಪದವನ್ನು ವೇಷ ಹಾಕಿಸಿ ಕಳಿಸಿದರೆ ಸಾಕು. ಕೊಂಬೆ ಸವರುವ 'ಮರ ಕಪಾತು' ಹೋಗಿ 'ವೃಕ್ಷ ಕೇಶಕರ್ತನ' ಆಯಿತು. ಕಾಫಿ ಹೂ ಅರಳಿಸುವ 'ಹೂಮಳೆ' ದೇವತೆಗಳು ಸುರಿಸುವ 'ಪುಷ್ಪವೃಷ್ಟಿ'ಯಾಯಿತು. ಕಾಫಿಯನ್ನು ಕೊರೆದು ಬೆಳೆಗಾರರ ನಿದ್ದೆ ಕೆಡಿಸುವ ಬೋರರ್ ಹುಳು, ಇಂಗ್ಲಿಷ್ ಬಲ್ಲ ಕಂಪ್ಯೂಟರಿನ ಕೃಪೆಯಿಂದ 'ಬೇಸರ ತರಿಸುವ ಹುಳು' ಆಗಿ ಕುಳಿತಿತು. ನಲವತ್ತು ವರ್ಷ ತೋಟದಲ್ಲಿ ದುಡಿದ ನನಗೇ ನನ್ನ ಕಸುಬು ಅರ್ಥವಾಗಲಿಲ್ಲ. ಅದೇ ಸ್ವಂತಿಕೆ ಇರಬೇಕು.

"ಮಾರ್ಗದರ್ಶಕರು ಓದಿದ್ದಾರೆಯೇ?" ಎಂದು ಹುಡುಗನನ್ನು ಕೇಳಿದೆ.

"ರಿಪೋರ್ಟ್ ಓದಿದ್ದಾರೆ ಸರ್."

"ಪ್ರಬಂಧ?"

ಅವನು ನನ್ನನ್ನು ಕನಿಕರದಿಂದ ನೋಡಿದ. ಪಾಪ, ಅವನನ್ನೇ ಬೈದು ಏನು ಪ್ರಯೋಜನ? ಐದು ವರ್ಷದ ದುಡಿಮೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಅಂಕಿಯನ್ನು. ಅವನು ಅದನ್ನೇ ಬೆಳೆದು ತಂದಿದ್ದ.

ಸಂಜೆಯ ಹೊತ್ತಿಗೆ ಒಂಬತ್ತು ಬಂತು. ಬಾಕಿ ಇಪ್ಪತ್ತೊಂಬತ್ತು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ನಾನು ಪಹಣಿಯ ನಕಲನ್ನು ಮಡಚಿಕೊಂಡು ಪಕ್ಕದ ಕಾಫಿಪುಡಿ ಅಂಗಡಿಗೆ ಹೋದೆ.

"ಚಿಕೋರಿ ಎಷ್ಟು ಹಾಕಲಿ ಸರ್?"

"ಮೂವತ್ತೆಂಟು ಹಾಕಿ, ಒಂಬತ್ತು ಎಂದು ಬರೆಯಿರಿ."

ಅವರು ಚಮಚ ಕೆಳಗಿಟ್ಟರು. "ಹಾಕಿದಷ್ಟನ್ನೇ ಪ್ಯಾಕೆಟ್ ಮೇಲೆ ಬರೆಯಬೇಕು ಸರ್. ಕಾನೂನು ಇದೆ. ನನ್ನ ಲೈಸೆನ್ಸ್ ಹೋಗುತ್ತದೆ."